ತಾಯಪ್ಪ ಸರ್ ಕಟ್ಟಿದ ನಂಪೈ

ಆ ಶನಿವಾರ ಬೆಳಿಗ್ಗೆ ಸುರಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರೂ ಗ್ರಾಫ್ ಬಿಡಿಸಲಿಲ್ಲ. ಪ್ರೋಗ್ರಾಂ ಓಡಿಸಿದೊಡನೆ ಎಲ್ಲ ಪರದೆಗಳ ಮೇಲೂ ಒಂದೇ ದೂರು ಇಳಿಯುತ್ತಿತ್ತು. ಗೆರೆ ಬಿಡಿಸುವ ಲೈಬ್ರರಿ ಹೊಸ ನಂಪೈಗಾಗಿ ತಯಾರಾಗಿದೆ, ಇಲ್ಲಿ ಸಿಕ್ಕಿರುವುದು ಹಳೆಯ ನಂಪೈ, ಇವೆರಡೂ ಕೂಡಿ ನಡೆಯುವುದಿಲ್ಲ ಎಂಬುದು ಆ ಇಂಗ್ಲಿಷ್ ಸಾಲುಗಳ ಸಾರ. ನಂಪೈ ಎಂದರೆ ಪೈಥಾನಿನಲ್ಲಿ ದೊಡ್ಡ ಲೆಕ್ಕಗಳನ್ನು ಮಾಡುವ ಲೈಬ್ರರಿ. ಅದು ಸರಿ ಹೋಗದಿದ್ದರೆ ಉಳಿದ ಯಾವುದೂ ಏಳುವುದಿಲ್ಲ.

ಸೋಮವಾರ ನಮ್ಮ ಪ್ರಾಯೋಗಿಕ ಪರೀಕ್ಷೆ. ಲ್ಯಾಬು ನಡೆಯದಿದ್ದರೆ ಎಲ್ಲರೂ ಯಾದಗಿರಿಗೆ ಹೋಗಿ ಬರೆಯಬೇಕು ಎಂದು ಪ್ರಿನ್ಸಿಪಾಲರು ಹೇಳಿದ್ದರು. ಉಳಿದವರು ಹೇಗೋ ಹೋಗುತ್ತಿದ್ದೆವು. ತಿಂಥಣಿಯಿಂದ ಬರುವ ಗೊಲ್ಲಾಳಮ್ಮನಿಗೆ ಮಾತ್ರ ಆ ದಾರಿ ಇರಲಿಲ್ಲ. ಸುರಪುರ ದಾಟಿ ಕಳಿಸುವುದಿಲ್ಲ ಎಂದು ಅವಳ ಅಣ್ಣ ಕಾಲೇಜಿಗೆ ಸೇರಿಸುವಾಗಲೇ ಹೇಳಿಬಿಟ್ಟಿದ್ದ. ಅವಳು ಬಂದವಳೇ ಕಿಟಕಿಯ ಪಕ್ಕದ ತನ್ನ ಕಂಪ್ಯೂಟರಿನ ಮುಂದೆ ಬ್ಯಾಗು ತೆಗೆಯದೆ ಕುಳಿತಿದ್ದಳು.

ಲ್ಯಾಬು ನೋಡಿಕೊಳ್ಳುತ್ತಿದ್ದವರು ತಾಯಪ್ಪ ಸರ್. ಸಗರದವರು. ಶಹಾಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂ ಡ್ರೈವರು. ಕಂಪ್ಯೂಟರು ಶುರುವಾಗುವಷ್ಟು ಹೊತ್ತು ಕಣ್ಣು ಮುಚ್ಚಿ ಕೂರುವುದು ಅವರ ರೂಢಿ. ನಿದ್ದೆಯೋ ಅಲ್ಲವೋ ನಮಗೆ ತಿಳಿಯುತ್ತಿರಲಿಲ್ಲ. ವರ್ಷವರ್ಷವೂ ಹೊಸದಾಗಿ ಆದೇಶ ಬಂದರಷ್ಟೇ ಕೆಲಸ. ಆ ಆದೇಶ ತಡವಾದ ವರ್ಷಗಳಲ್ಲೂ ಅವರು ಬಂದು ಲ್ಯಾಬಿನ ಬೀಗ ತೆಗೆಯುತ್ತಿದ್ದರಂತೆ.

ಹಳೆಯ ನಂಪೈ ಅವರದೇ. ನಾವು ಕಾಲೇಜಿಗೆ ಬರುವ ಎಷ್ಟೋ ಮೊದಲು, ಲಿನಕ್ಸಿನ ಜೊತೆ ಪ್ಯಾಕೇಜಾಗಿ ಬರುತ್ತಿದ್ದ ನಂಪೈ ಈ ಲ್ಯಾಬಿನಲ್ಲಿ ಬಹಳ ನಿಧಾನವಾಗಿತ್ತು. ದೊಡ್ಡ ಮ್ಯಾಟ್ರಿಕ್ಸ್ ಗುಣಿಸಲು ಹಚ್ಚಿದರೆ ಚಹಾ ಕುಡಿದು ಬರಬಹುದಿತ್ತು. ತಾಯಪ್ಪ ಸರ್ ಶಹಾಪುರದ ಇಂಟರ್ನೆಟ್ ಅಂಗಡಿಯಲ್ಲಿ ಅದರ ಮೂಲ ಕೋಡನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದು, ಇಲ್ಲಿಯ ಯಂತ್ರಗಳಿಗೆ ಹೊಂದುವಂತೆ ತಾವೇ ಕಂಪೈಲ್ ಮಾಡಲು, ಅಂದರೆ ಆ ಕೋಡಿನಿಂದ ಓಡುವ ಲೈಬ್ರರಿ ಕಟ್ಟಲು, ಕುಳಿತರು. ಇಂದು ಒಂದು ಕಡತ ಇಲ್ಲವೆಂದು ನಿಲ್ಲುತ್ತಿತ್ತು. ನಾಳೆ ಅದನ್ನು ತಂದರೆ ಮತ್ತೊಂದು ಇಲ್ಲವೆನ್ನುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ. ಕೊನೆಗೊಮ್ಮೆ ಅದು ಎದ್ದು ನಿಂತ ದಿನ ಇಡೀ ಕ್ಲಾಸಿಗೆ ಮಿರ್ಚಿ ಭಜಿ ಕೊಡಿಸಿದ್ದರು ಎಂಬ ಕತೆ ನಮ್ಮವರೆಗೂ ಬಂದಿತ್ತು.

ಹಿಂದಿನ ದಿನ, ಶುಕ್ರವಾರ, ಗಣಿತದ ದೇವಕ್ಕ ಮೇಡಂ ಹೊಸ ಪಠ್ಯಕ್ಕೆ ಬೇಕೆಂದು ಪ್ಯಾಕೇಜುಗಳನ್ನೆಲ್ಲ ಹೊಸದು ಮಾಡಿಸಿದ್ದರು. ಅವುಗಳ ಜೊತೆ ಹೊಸ ನಂಪೈಯೂ ಬಂದಿತ್ತು. ಆದರೂ ಪರದೆ ಹಳೆಯದನ್ನೇ ಹೇಳುತ್ತಿತ್ತು.

ತಾಯಪ್ಪ ಸರ್ ಬಂದವರೇ ಗೊಲ್ಲಾಳಮ್ಮನ ಕಂಪ್ಯೂಟರಿನಲ್ಲಿ, ನಂಪೈಯನ್ನು ಎಲ್ಲಿಂದ ತರುತ್ತಿದ್ದೀ ಎಂದು ಪೈಥಾನನ್ನೇ ಕೇಳುವ ಒಂದು ಸಾಲು ಬರೆದರು. ಉತ್ತರ ಕೂಡಲೇ ಬಂತು. ಅವರು ಕಂಪೈಲ್ ಮಾಡಿದ್ದನ್ನು ಇಟ್ಟ ಫೋಲ್ಡರಿನ ಹೆಸರು. ಕ್ಷಣಹೊತ್ತು ಅದನ್ನೇ ನೋಡಿ ಪರದೆಯನ್ನು ಅಳಿಸಿದರು.

"ಪ್ಯಾಕೇಜ್ ಸರಿಯಾಗಿ ಕುಂತಿಲ್ಲ ಅನಸ್ತದ. ತಗದು ಮತ್ತ ಹಾಕತೀನಿ," ಎಂದರು.

ತೆಗೆದು ಮತ್ತೆ ಹಾಕಿದರು. ಅದೇ ದೂರು. ಪಕ್ಕದ ಕಂಪ್ಯೂಟರಿಗೆ ಹೋದರು. ಅಲ್ಲಿಯೂ ತೆಗೆದು ಹಾಕಿದರು. ಅದರ ಪಕ್ಕದ್ದಕ್ಕೂ. ಫ್ಯಾನು ಕಿರುಗುಟ್ಟುತ್ತಿತ್ತು. ಅವರ ಅಂಗಿಯ ಬೆನ್ನು ಒದ್ದೆಯಾಗಿ ಕುರ್ಚಿಗೆ ಅಂಟುತ್ತಿತ್ತು. ಕೇಳಿದವರಿಗೆಲ್ಲ "ಮಾಡಾಕತ್ತೇನಿ, ತಡೀರಿ" ಎಂಬ ಒಂದೇ ಉತ್ತರ.

ದೇವಕ್ಕ ಮೇಡಂ ಬಂದು ಬಹಳ ಹೊತ್ತು ಹಿಂದೆ ನಿಂತರು. ಆಮೇಲೆ ಮೆಲ್ಲಗೆ, "ತಾಯಪ್ಪ ಅವರೇ, ಪೈಥಾನ್ ಮೊದಲ ಯಾವ ಫೋಲ್ಡರ್ ನೋಡ್ತದ್ರಿ?" ಎಂದರು.

"ನಾವು ಕೈಯಾರೆ ಹಾಕಿದ್ದನ್ನ ನೋಡ್ತದ್ರಿ ಮೇಡಂ."

"ಅಲ್ಲಿ ಸಿಕ್ಕರ?"

"ಮುಂದ ಹೋಗಂಗಿಲ್ರಿ."

"ಮತ್ತ ಪ್ಯಾಕೇಜ್ ಎಷ್ಟು ಸಲ ಹಾಕಿದರ ಏನು ಬಂತ್ರಿ?"

ಕಿಟಕಿಯ ಕಡೆಯಿಂದ ಗೊಲ್ಲಾಳಮ್ಮ, ಸುಮ್ಮನಿರಲಾರದೆ, "ಸರ್, ನಮ್ಮ ಹೊಲ ಕಾಲುವಿ ಕಡೀಕದರಿ. ಒಂದಿಷ್ಟು ದಿನ ನೀರು ಬಿಟ್ಟು ಒಂದಿಷ್ಟು ದಿನ ನಿಲ್ಲಸ್ತಾರ. ಆ ಚಾಲು-ಬಂದ್‌ದಾಗ ನಮ್ಮ ಪಾಳಿ ಬಂದ್ರೂ ನೀರು ಬರಂಗಿಲ್ಲ. ಮ್ಯಾಲಿನ ತೂಬಿನವ್ರು ತಿರುವಿಕೊಂಡು ಕುಂತಿರ್ತಾರ. ಇಲ್ಲಿ ಮ್ಯಾಲಿನ ತೂಬಿನವ್ರು ನೀವ ಅದೀರಿ ನೋಡ್ರಿ," ಎಂದಳು.

ಎಲ್ಲರೂ ನಕ್ಕೆವು. ಅವರೂ ನಕ್ಕರು. "ಹೌದವಾ. ಮುಂಜಾನಿನ ಗೊತ್ತಾಗಿತ್ತು ನನಗ," ಎಂದರು. ಆಮೇಲೆ ಯಾರೂ ನಗಲಿಲ್ಲ.

ಊಟಕ್ಕೆ ಬೇವಿನ ಗಿಡದ ಕೆಳಗೆ ಕುಳಿತಾಗ ಅವರು ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುರಿದರು, ತಿನ್ನಲಿಲ್ಲ. ಕೇಳದೆಯೇ ತಂದೆಯ ಮಾತು ತೆಗೆದರು.

"ನಮ್ಮಪ್ಪ ಹಣಮಂತ್ರಾಯ ಹೊಲದಾಗ ಒಂದು ಬಾವಿ ತೋಡಿದ್ದ. ಅಂವ, ನಮ್ಮವ್ವ, ಮತ್ತ್ಯಾರಿಲ್ಲ. ಕಾಲುವಿ ನೀರು ಬಂತು. ಅಕ್ಕಪಕ್ಕದವ್ರೆಲ್ಲ ಕಾಲುವಿ ನೀರು ಹಾಯಿಸಿದ್ರು. ಅಪ್ಪ ಮಾತ್ರ ಹೊಲಕ್ಕ ಬಾವಿ ನೀರ ಬಿಡತಿದ್ದ. ಅದು ಸವಳಾಗಿ ಉಪ್ಪುಪ್ಪಾಗಿತ್ತು, ಬೆಳಿ ಹಳದಿ ಆಗತಿತ್ತು. ನಮ್ಮವ್ವ ಬೈದು ಬೈದು ಸೋತಳು."

"ಮುಚ್ಚಿದ್ರೇನ್ರಿ ಬಾವಿ?" ಎಂದಳು ಗೊಲ್ಲಾಳಮ್ಮ.

"ಎಲ್ಲಿ ಮುಚ್ಚತಾನ. ಪೈಪ್ ಅಷ್ಟ ಬಿಚ್ಚಿ ಮನಿ ಮಾಳಗಿ ಮ್ಯಾಲ ಇಟ್ಟ. ಇನ್ನೂ ಅದ."

ರೊಟ್ಟಿಯನ್ನು ಮತ್ತೆ ಕಟ್ಟಿಟ್ಟು ಎದ್ದರು.

ಒಳಗೆ ಹೋಗಿ ಗೊಲ್ಲಾಳಮ್ಮನ ಕಂಪ್ಯೂಟರಿನಿಂದಲೇ ಶುರು ಮಾಡಿದರು. ಹಳೆಯ ನಂಪೈ ಇದ್ದ ಫೋಲ್ಡರನ್ನು ಪೈಥಾನ್ ಹುಡುಕುವ ದಾರಿಯಿಂದ ತೆಗೆದು, ತಮ್ಮ ಹೆಸರಿನ ಬೇರೊಂದು ಫೋಲ್ಡರಿಗೆ ಸರಿಸಿದರು. ಅಲ್ಲಿದ್ದರೆ ಹೆಸರು ಹಿಡಿದು ಕರೆದವರಿಗಷ್ಟೇ ಅದು ಸಿಗುತ್ತದೆ. ಬೆಳಿಗ್ಗೆಯ ಪ್ರಶ್ನೆಯನ್ನೇ ಪೈಥಾನಿಗೆ ಮತ್ತೆ ಕೇಳಿದರು. ಈಗ ಬಂದ ಉತ್ತರದಲ್ಲಿ ಪ್ಯಾಕೇಜಿನ ಫೋಲ್ಡರಿತ್ತು.

"ಓಡಸವಾ," ಎಂದರು.

ಗೊಲ್ಲಾಳಮ್ಮ ಓಡಿಸಿದಳು. ಪರದೆಯಲ್ಲಿ ಒಂದು ಕಿಟಕಿ ತೆರೆದು ಅದರಲ್ಲಿ ನೀಲಿ ಅಲೆಯೊಂದು ಏರಿ ಇಳಿದು ನಿಂತಿತು. ಅವಳು ಆಗ ಬ್ಯಾಗನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟಳು. ಉಳಿದ ಕಂಪ್ಯೂಟರುಗಳಿಗೂ ಹಾಗೆಯೇ ಮಾಡುತ್ತ ತಾಯಪ್ಪ ಸರ್ ಸಾಲಿನ ಕೊನೆಗೆ ಹೋದರು. ಪರೀಕ್ಷೆ ಇಲ್ಲಿಯೇ ನಡೆಯುತ್ತದೆ ಎಂದು ದೇವಕ್ಕ ಮೇಡಂ ಪ್ರಿನ್ಸಿಪಾಲರಿಗೆ ಫೋನು ಮಾಡಿದರು.

ನಾವು ಹೊರಡುವ ಹೊತ್ತಿಗೆ ಅವರು ಕೊನೆಯ ಕಂಪ್ಯೂಟರಿನ ಮುಂದೆ ಇನ್ನೂ ಕುಳಿತಿದ್ದರು. ಗೊಲ್ಲಾಳಮ್ಮ ಹೇಳಿ ಹೋಗಲೆಂದು ಹತ್ತಿರ ಹೋದಳು, ನಾನೂ ಹೋದೆ. ಪರದೆಯಲ್ಲಿ ಎರಡು ಕಿಟಕಿಗಳಿದ್ದವು. ಎರಡರಲ್ಲೂ ಒಂದೇ ದೊಡ್ಡ ಮ್ಯಾಟ್ರಿಕ್ಸನ್ನು ಒಂದಾದ ಮೇಲೊಂದು ಗುಣಿಸಲು ಹಚ್ಚಿದ್ದರು. ಪ್ಯಾಕೇಜಿನ ನಂಪೈ ತಾನು ತೆಗೆದುಕೊಂಡ ಹೊತ್ತನ್ನು ಬರೆದು ಮುಗಿಸಿತ್ತು. ನೋಡಿದರೆ ಹೊತ್ತೇ ಅಲ್ಲವೆನ್ನುವಷ್ಟು ಕಡಿಮೆ. ಅವರ ಹಳೆಯ ನಂಪೈ ಓಡುತ್ತಿದ್ದ ಇನ್ನೊಂದು ಕಿಟಕಿಯಲ್ಲಿ ಇನ್ನೂ ಕರ್ಸರು ಮಿಣುಕುತ್ತಿತ್ತು.

"ಸರ್, ಬಸ್ಸಿನ ಹೊತ್ತಾತ್ರಿ. ಬರಂಗಿಲ್ಲೇನ್ರಿ?" ಎಂದಳು ಗೊಲ್ಲಾಳಮ್ಮ.

ಅವರು ಕಣ್ಣು ಮುಚ್ಚಿಕೊಂಡಿದ್ದರು. ತೆರೆಯದೆಯೇ ಹೇಳಿದರು:

"ನೀವು ನಡೀರವ್ವ. ನಂದಿನ್ನೂ ಮುಗದಿಲ್ಲ."