ಮಿಸ್ ಹುಡುಕಿದ ಮದುವೆ

ಅವರ ಎಡಗೈಯ ತುಂಬ ರಬ್ಬರ್ ಬ್ಯಾಂಡುಗಳು. ನಾವು ಬಳೆ ತೊಡುವ ಹಾಗೆ ಅವರು ಮಣಿಕಟ್ಟಿನಿಂದ ಮೊಣಕೈ ತನಕ ಅವನ್ನು ಏರಿಸಿಕೊಂಡಿರುತ್ತಿದ್ದರು. ಬಿಳಿ ಚರ್ಮ, ಅದರ ಮೇಲೆ ಕಂದು ಚುಕ್ಕೆಗಳು, ಚುಕ್ಕೆಗಳ ನಡುವೆ ಬ್ಯಾಂಡು ಒತ್ತಿ ಮೂಡಿದ ಕೆಂಪು ಗೆರೆಗಳು. ಯಾವ ಕಾಗದ ಕೈಗೆ ಸಿಕ್ಕರೂ ಸುರುಳಿ ಸುತ್ತಿ, ತೋಳಿನಿಂದ ಒಂದು ಬ್ಯಾಂಡು ಕಳಚಿ ಹಾಕಿ, “ಫೈಲ್ಡ್!” ಎನ್ನುತ್ತಿದ್ದರು. ಮರುದಿನ ಆ ಕಾಗದ ಎಲ್ಲಿ ಹೋಯಿತೆಂದು ಹುಡುಕುವ ಕೆಲಸ ನನ್ನದು.

ಅವರು ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮಿಸ್. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅವರ ತಮ್ಮ ತೀರಿಕೊಂಡ ಮೇಲೆ, ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮಾಗಡಿ ರೋಡಿನ ಬಾಡಿಗೆ ಮನೆ ಬಿಟ್ಟು ಬಸವೇಶ್ವರನಗರದ ನಮ್ಮ ಮನೆಯ ಮಹಡಿಗೆ ಬಂದರು. ಆಗ ನನಗೆ ಅರವತ್ತೆರಡು, ಅವರಿಗೆ ಎಪ್ಪತ್ತೆಂಟು. ಹಾಗಿದ್ದರೂ ನಾನು ಅವರಿಗೆ “ಚೈಲ್ಡ್”. ಕುಕ್ಕರ್ ಕೂಗುತ್ತಿರುವಾಗ ಮೆಟ್ಟಿಲ ಮೇಲಿಂದ “ಚೈಲ್ಡ್, ಕಮ್ ಹಿಯರ್ ದಿಸ್ ಮಿನಿಟ್” ಎಂದು ಕರೆದರೆ ಗ್ಯಾಸ್ ಆರಿಸಿ ಓಡಲೇಬೇಕು. ಹೋಗಿ ನಿಂತರೆ ಮೊದಲ ಮಾತು, “ಡೋಂಟ್ ಸ್ಲೌಚ್.” ಮೊಮ್ಮಕ್ಕಳನ್ನು ಕಂಡ ನನ್ನ ಬೆನ್ನು ಅವರಿಗಿನ್ನೂ ನೆಟ್ಟಗಾಗಬೇಕಿತ್ತು.

ಬಂದ ಮೂರನೇ ತಿಂಗಳಿಗೆ ಐರ್ಲೆಂಡ್ ಶುರುವಾಯಿತು. ಅವರ ಅಜ್ಜ ಐರ್ಲೆಂಡಿನಲ್ಲಿ ಹುಟ್ಟಿ, ಸೋಲ್ಜರ್ ಆಗಿ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದವರಂತೆ. ಅಜ್ಜ ಅಲ್ಲಿ ಹುಟ್ಟಿದ್ದರೆ ಮೊಮ್ಮಗಳೂ ಅಲ್ಲಿಯವಳೆಂದು ಆ ದೇಶದವರು ಬರೆದುಕೊಡುತ್ತಾರೆಂದು ಮಿಸ್ ಎಲ್ಲೋ ಓದಿದ್ದರು. ಪತ್ರ ಬರೆದು ಬರೆದು ಅಜ್ಜನ ಬರ್ತ್ ಸರ್ಟಿಫಿಕೇಟನ್ನು ತರಿಸಿಯೂ ಬಿಟ್ಟರು. ಅಪ್ಪನ ಜ್ಞಾನಸ್ನಾನದ ಸರ್ಟಿಫಿಕೇಟು, ಅಪ್ಪ ಅಮ್ಮನ ಮದುವೆಯ ಕಾಗದ, ಮಿಸ್‌ನದೇ ಬರ್ತ್ ಸರ್ಟಿಫಿಕೇಟು, ಎಲ್ಲವೂ ಇದ್ದವು. ಇಲ್ಲದ್ದು ಒಂದೇ, ಅಜ್ಜ ಅಜ್ಜಿಯ ಮದುವೆಯ ದಾಖಲೆ. ಅದಿಲ್ಲದೆ ಅರ್ಜಿ ಮುಂದೆ ಹೋಗದೆಂದು ದಿಲ್ಲಿಯ ಐರಿಷ್ ಎಂಬಸಿಯಿಂದ ಉತ್ತರ ಬಂತು.

“ಈ ವಯಸ್ಸಲ್ಲಿ ಅಲ್ಲಿಗೆ ಹೋಗಿ ಏನ್ ಮಾಡ್ತೀರಾ ಮಿಸ್? ಚಳಿಗೆ ಸತ್ತೇ ಹೋಗ್ತೀರಾ” ಎಂದೆ.

“ಹೋಗೋದು ಯಾರು? ನಲವತ್ತು ವರ್ಷ ನಾನು ಈ ಊರ ಮಕ್ಕಳಿಗೆ ಗ್ರಾಮರ್ ಹೇಳ್ಕೊಟ್ಟೆ. ಇವತ್ತು ಬೆಳಗ್ಗೆ ಆಟೋದವನು ಕೇಳ್ತಾನೆ, ‘ಯಾವ ಕಂಟ್ರಿ ಮೇಡಂ?’ ಚರ್ಚಲ್ಲಿ ಕೇಳ್ತಾರೆ. ರೇಷನ್ ಆಫೀಸಲ್ಲಿ ಕೇಳ್ತಾರೆ. ಸಾಯೋಕ್ ಮುಂಚೆ ಯಾರಾದ್ರೂ ಒಬ್ರು ಬರೆದು ಸೈನ್ ಮಾಡಿ ಕೊಡ್ಲಿ ಚೈಲ್ಡ್, ಶಿ ಈಸ್ ಅವರ್ಸ್ ಅಂತ.”

ಚಪ್ಪಲಿ ಮೆಟ್ಟಿದೆ.

ಎರಡು ವರ್ಷ. ದಂಡಿನ ಕಡೆ ಒಂದು ಚರ್ಚನ್ನೂ ಬಿಡಲಿಲ್ಲ. ಬಸ್ಸು ಬೇಡ, ಧೂಳು. ಆಟೋ ಬೇಡ, ಕುಲುಕಾಟ. ಕೊನೆಗೆ ಬಸ್ಸಿನಲ್ಲೇ ಹೋಗುವುದು, ದಾರಿಯುದ್ದಕ್ಕೂ ಕಂಡಕ್ಟರನ ಇಂಗ್ಲಿಷ್ ತಿದ್ದುವುದು. ಆಫೀಸಿನ ಗುಮಾಸ್ತರು ಧೂಳು ಕೊಡವಿ ರಿಜಿಸ್ಟರ್ ತೆಗೆದಿಟ್ಟರೆ, ಹಾಳೆ ತಿರುಗಿಸಲು ನಾನು, “ವಾಶ್ ಯುವರ್ ಹ್ಯಾಂಡ್ಸ್” ಎನ್ನಲು ಅವರು. ಮನೆಗೆ ಬಂದರೆ ನಮ್ಮವರ ಕೊಂಕು: “ನಿನ್ ಮಿಸ್‌ಗೆ ಐರ್ಲೆಂಡ್ ಸಿಗೋದ್ರೊಳಗೆ ನಂಗೊಂದು ಲೋಟ ಕಾಫಿ ಸಿಗುತ್ತೇನೇ?”

ಎಲ್ಲೂ ಸಿಗಲಿಲ್ಲ. ಒಂದು ಸಂಜೆ ತಲೆ ಕೆಟ್ಟು ಕೇಳಿಯೇಬಿಟ್ಟೆ. “ಮಿಸ್, ನಮ್ಮಲ್ಲಿ ಮದುವೆ ಹೆಣ್ಣಿನ ಕಡೆಯೋರು ಮಾಡ್ಕೊಡೋದು. ನಿಮ್ಮಲ್ಲಿ?”

“ಸೇಮ್. ಬ್ರೈಡ್ಸ್ ಪ್ಯಾರಿಷ್. ಹುಡುಗಿ ಯಾವ ಚರ್ಚಿಗೆ ಸೇರಿದ್ಲೋ ಅಲ್ಲಿ.”

“ಮತ್ತೆ ಎರಡು ವರ್ಷದಿಂದ ಗಂಡಿನ ರೆಜಿಮೆಂಟ್ ಹಿಡ್ಕೊಂಡು ಅಲೀತಿದೀವಲ್ಲ! ನಿಮ್ಮಜ್ಜಿದು ಯಾವ ಚರ್ಚು?”

“ಅವಳೂ ಐರಿಷ್. ಹಡಗಲ್ಲಿ ಬಂದೋಳು. ಅವಳಿಗೆ ಇಲ್ಲಿ ಎಲ್ಲಿ ಪ್ಯಾರಿಷ್? ಡೋಂಟ್ ಬಿ ಸಿಲ್ಲಿ.”

ಹಡಗಲ್ಲಿ ಬಂದಳೆಂದು ಹೇಳಿದವರು ಯಾರು? ಅಪ್ಪ. ಅಪ್ಪನಿಗೆ ಹೇಳಿದವರು? ಗೊತ್ತಿಲ್ಲ. ನಾನು ಸುರುಳಿಗಳನ್ನೆಲ್ಲ ನೆಲದ ಮೇಲೆ ಸುರಿದು ಒಂದೊಂದೇ ಬಿಚ್ಚತೊಡಗಿದೆ. ಅಪ್ಪನ ಜ್ಞಾನಸ್ನಾನದ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ಮೇರಿ ಎಂದಷ್ಟೇ ಇತ್ತು. ಕೆಳಗೆ, ಗಾಡ್‌ಮದರ್ ಎಂಬಲ್ಲಿ, ಚಿನ್ನಮ್ಮ. ಪಕ್ಕದಲ್ಲಿ ಕೆಂಗೇರಿಯಾಚೆಯ ಒಂದು ಹಳ್ಳಿಯ ಹೆಸರು.

“ಇದ್ಯಾರು ಮಿಸ್?”

“ಓ, ಅದು ಆಯಾ ಇರ್ಬೇಕು.”

“ಆಯಾನ ಯಾರಾದ್ರೂ ಗಾಡ್‌ಮದರ್ ಮಾಡ್ತಾರಾ?”

ಗಾಡ್‌ಮದರ್ ಎಂದರೆ ಮನೆಯವಳು, ಮಗುವಿನ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾಳೆಂದು ಕ್ಲಾಸಿನಲ್ಲಿ ನಮಗೆ ಬಿಡಿಸಿ ಹೇಳಿದ್ದವರೇ ಈ ಮಿಸ್. ಎರಡು ವರ್ಷ ಊರೆಲ್ಲ ಸುತ್ತಿಸಿದ ಮೇಲೆ, ಬೇಕಾದ ಸುಳಿವು ಅವರ ಮಂಚದ ಕೆಳಗಿನ ಟ್ರಂಕಿನಲ್ಲೇ ಇತ್ತು! ನನಗೆ ಬಂದ ಸಿಟ್ಟಿಗೆ ಅಂದು ಅವರಿಗೆ ಮಾಡಿಟ್ಟಿದ್ದ ಉಪ್ಪಿಟ್ಟನ್ನು ಮೇಲಕ್ಕೆ ಕಳಿಸಲಿಲ್ಲ. ಅರ್ಧ ಗಂಟೆಗೆ ಅವರೇ ಕೆಳಗಿಳಿದು ಬಂದು ತಿಂದು ಹೋದರು. ಉಪ್ಪು ಕಡಿಮೆ ಎಂದರು.

ಮರುವಾರ ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದು ಆ ಊರಿಗೆ ಹೋದೆವು. ಸಣ್ಣ ಚರ್ಚು, ಹೊಸ ಪೇಂಟು, ಹಳೆಯ ಬೀರು. ರಿಜಿಸ್ಟರು ಲ್ಯಾಟಿನ್ನಿನಲ್ಲಿತ್ತು. ವಯಸ್ಸಾದ ಫಾದರ್ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತ ಹೋದರು: “ವರ, ಐರ್ಲೆಂಡಿನೋರು, ಸಿಪಾಯಿ. ಹೆಸರು ನೀವು ಹೇಳಿದ್ದೇ. ವಧು, ಮೇರಿ. ಈ ಊರ ಚೌರಪ್ಪನ ಮಗಳು, ಬೇಸಾಯದೋರು. ಸಾಕ್ಷಿ ಅವಳಕ್ಕ ಚಿನ್ನಮ್ಮ.”

ಮಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ರೀಡ್ ಇಟ್ ಅಗೇನ್, ಫಾದರ್.” ಅವರು ಮತ್ತೆ ಓದಿದರು. ಮಿಸ್ ಬಗ್ಗಿ ನೋಡಿದರು. ವರನ ಸಹಿ ದಪ್ಪ ಅಕ್ಷರದಲ್ಲಿತ್ತು. ವಧುವಿನದು ಒಂದು ಶಿಲುಬೆಯ ಗುರುತು, ಸ್ವಲ್ಪ ಸೊಟ್ಟ.

“ಶಿ ಕುಡ್ ನಾಟ್ ರೈಟ್?”

“ಆಗ ಯಾರಿಗ್ ಬರ್ತಿತ್ತು ಮೇಡಂ” ಎಂದರು ಫಾದರ್.

ನಲವತ್ತು ವರ್ಷ ಮಕ್ಕಳ ಕೈಬರಹಕ್ಕೆ ಮಾರ್ಕ್ಸ್ ಕಳೆದವರು ಆ ಸೊಟ್ಟ ಗುರುತಿನ ಮೇಲೆ ಬೆರಳಿಟ್ಟು ಅದರ ಗೆರೆಗಳನ್ನೇ ಮತ್ತೆ ತಿದ್ದಿದರು. ಐರ್ಲೆಂಡಿನ ವಿಷಯ ಎತ್ತಲಿಲ್ಲ. ನಕಲು ಬರೆಸಿಕೊಂಡು ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದ್ದು ಇಷ್ಟು: “ಚೈಲ್ಡ್, ಕನ್ನಡದಲ್ಲಿ ‘ಅಜ್ಜಿ’ ಹೇಗೆ ಬರೀತಾರೆ?”

ಅಲ್ಲಿಂದ ನನ್ನ ಹೊಸ ಪಾಡು ಶುರು. ದಿನಾ ಬೆಳಗ್ಗೆ ಹನ್ನೊಂದಕ್ಕೆ, ನನ್ನ ಅಡುಗೆ ಹೊತ್ತಿಗೆ ಸರಿಯಾಗಿ, ಅವರಿಗೆ ಕನ್ನಡ ಪಾಠ. ಒತ್ತಕ್ಷರ ಬಂದಾಗಲೆಲ್ಲ ಜಗಳ. “ವೈ ಶುಡ್ ಒನ್ ಲೆಟರ್ ಸಿಟ್ ಅಂಡರ್ ಅನದರ್? ಇಟ್ಸ್ ರೂಡ್!” ನಾನು ತಿದ್ದಿದರೆ ಮುಖ ಕೆಂಪಾಗುತ್ತಿತ್ತು, ತಿದ್ದದಿದ್ದರೆ ಬೇಜವಾಬ್ದಾರಿ ಟೀಚರ್ ಎಂಬ ಬೈಗುಳ. ತಿಂಗಳ ಮೊದಲ ಭಾನುವಾರ ಆ ಊರಿಗೆ ಹೋಗಲೇಬೇಕು. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಹೆಂಗಸರು ಸುತ್ತುವರಿದು, “ಚೌರಪ್ಪನ ಮನೆಯೋರಂತೆ, ನೋಡ್ರೇ, ಎಷ್ಟ್ ಬೆಳ್ಳಗವ್ರೆ!” ಎಂದು ಕೈ ಮುಟ್ಟಿ ನೋಡುತ್ತಿದ್ದರು. ಮುಟ್ಟಿದರೆ ಸಿಡುಕುವ ಮಿಸ್ ಅಲ್ಲಿ ಕೈ ಚಾಚಿಕೊಂಡು ಕೂರುತ್ತಿದ್ದರು.

ಅರ್ಜಿಯನ್ನೂ ಬಿಡಲಿಲ್ಲ ಮತ್ತೆ. ನಕಲು ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟು ಮಾಡಿದ್ದೂ ನಾನೇ, ಸ್ಟಾಂಪು ಸೊಟ್ಟ ಎಂದು ಬೈಸಿಕೊಂಡಿದ್ದೂ ನಾನೇ. ಇನ್ನೊಂದು ಕಾಗದಕ್ಕೆ ಅಟೆಸ್ಟೇಶನ್ ಬೇಕೆಂದು ಉತ್ತರ ಬರುವ ಹೊತ್ತಿಗೆ ಅವರು ಸೊಂಟ ಮುರಿದುಕೊಂಡು ಮಲಗಿದ್ದರು. ಓದಿ ಹೇಳಿದೆ. “ಲೆಟ್ ದೆಮ್ ವೇಟ್” ಎಂದರು. ಆಮೇಲೆ ನನ್ನ ಕೈ ಹಿಡಿದು, “ನನ್ನ ತಮ್ಮನ ಗ್ರೇವ್ ಹತ್ರ ಬೇಡ. ಚೌರಪ್ಪನ ಊರಲ್ಲಿ ಹಾಕು” ಎಂದರು. ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ, ನಾನು ಮೊಸರನ್ನ ಕಲೆಸಿಕೊಂಡು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಹೇಳದೆ ಕೇಳದೆ. ಆ ವಿಷಯದಲ್ಲಿ ನನಗೆ ಇಂದಿಗೂ ಕೋಪವಿದೆ.

ಊರಿನಲ್ಲಿ ಸಮಾಧಿಯ ಜಾಗ ಕಡಿಮೆ. ಇದು ನಮ್ಮೂರವರಿಗೆ ಮಾತ್ರ, ಸಿಟಿಯವರಿಗೆಲ್ಲ ಕೊಟ್ಟರೆ ನಮಗೆಲ್ಲಿ ಎಂದು ಗೇಟಿನಲ್ಲೇ ನಾಲ್ಕು ಜನ ತಡೆದರು. ನಾನು ವಾದಿಸುತ್ತ ನಿಂತಾಗ ಫಾದರ್ ರಿಜಿಸ್ಟರನ್ನೇ ಹೊತ್ತು ತಂದು ಆ ಪುಟ ತೆರೆದರು. ಪೂಜೆಯ ಹೆಂಗಸರಲ್ಲಿ ಒಬ್ಬ ಮುದುಕಿ ಮುಂದೆ ಬಂದಳು. ಓದು ಬರದವಳು. ಪುಟವನ್ನು ನೋಡಲೂ ಇಲ್ಲ.

“ನಮ್ಮೂರ್ ಹೆಣ್ಮಗಳ ಮೊಮ್ಮಗಳು. ತವರಿಗೆ ಬಂದವ್ಳೆ. ದಾರಿ ಬಿಡ್ರಲಾ!”

ಬಿಟ್ಟರು. ಗುಂಡಿಯ ಹತ್ತಿರ ಅವಳು ನನ್ನನ್ನು ಕೇಳಿದಳು, “ನೀವು ಅವರ್ಗೆ ಏನಾಗ್ಬೇಕವ್ವಾ?”

ಏನಾಗಬೇಕು? ರಕ್ತವಲ್ಲ, ಜಾತಿಯಲ್ಲ, ಧರ್ಮವಲ್ಲ. “ಅವರ ಸ್ಟೂಡೆಂಟು” ಎಂದೆ. ಅರವತ್ತಾರರ ಹೆಂಗಸು ಹಾಗೆಂದದ್ದಕ್ಕೆ ಯಾರೂ ನಗಲಿಲ್ಲ.

“ಅಂದ್ರೆ ಮಗಳಿದ್ದಂಗೆ. ಮೊದ್ಲು ಮಣ್ಣು ನೀವೇ ಹಾಕಿ” ಎಂದು ಮುದುಕಿ ಪಕ್ಕಕ್ಕೆ ಸರಿದಳು.

ಬಗ್ಗಿ ಒಂದು ಹಿಡಿ ಎತ್ತಿಕೊಂಡೆ. ಹಾಕುವ ಮುಂಚೆ, ಯಾರೂ ಹೇಳದಿದ್ದರೂ, ಬೆನ್ನು ನೆಟ್ಟಗೆ ಮಾಡಿ ನಿಂತೆ.