ಹಾಜರಿ ಆಗದೆ ಊಟವಿಲ್ಲ

ಎರಡು ಯುದ್ಧಗಳನ್ನು ಗೆದ್ದು ಬಂದ ನಮ್ಮ ಬೀದಿಯ ಕ್ಯಾಪ್ಟನ್ ಸಾಹೇಬರು ಈಗ ಎರಡನೇ ಮಹಡಿಯ ಮೂರು ಕೋಣೆಯ ಮನೆಯನ್ನು ನಡುಗಡಲಿನ ಹಡಗಿನಂತೆ ನಡೆಸುತ್ತಿದ್ದಾರೆ. ಕುಕ್ಕರ್ ಕೂಗಿದರೆ ‘ಎಂಜಿನ್ ಕೋಣೆ’ಗೆ ಆಜ್ಞೆ ಹೋಗುತ್ತದೆ; ನಲ್ಲಿ ಸೋರಿದರೆ ಮನೆಮಂದಿಯೆಲ್ಲ ಬಕೆಟ್ ಹಿಡಿದು ಸಾಲಾಗಿ ನಿಲ್ಲಬೇಕು. ಊಟಕ್ಕೆ ಮುಂಚಿನ ಹಾಜರಿಯಂತೂ ತಪ್ಪುವುದೇ ಇಲ್ಲ. ಹೆಂಡತಿ, ಸೊಸೆ, ಮೊಮ್ಮಗಳು ಹೆಸರು ಕರೆದಾಗ ಓಗೊಡಬೇಕು, ಬೆಕ್ಕು ಕೂಡ ಮಿಯಾಂವ್ ಅನ್ನಬೇಕು. ನಿನ್ನೆ ಮಗನ ಬಸ್ಸು ತಡವಾಗಿ, ಖಾಲಿ ತಟ್ಟೆಗಳ ಮುಂದೆ ಎಲ್ಲರೂ ಕೈಕಟ್ಟಿ ಕೂತರು. “ರೀ, ಅವನೇನು ಸಮುದ್ರಕ್ಕೆ ಬಿದ್ನಾ? ಮಾಡಿದ್ದೆಲ್ಲ ಆರಿ ಹೋಗ್ತಿದೆ,” ಎಂದು ಹೆಂಡತಿ ಗೊಣಗಿದರು. “ಹಾಜರಿ ಆಗ್ದೆ ತುತ್ತಿಲ್ಲ ಕಣೇ,” ಎಂದ ಸಾಹೇಬರು ದುರ್ಬೀನು ಹಿಡಿದು ಕಿಟಕಿ ಬಿಟ್ಟು ಕದಲಲಿಲ್ಲ. ಮೊದಲ ಯುದ್ಧದಲ್ಲಿ ಹಡಗು ಮುಳುಗಿದಾಗ ದೋಣಿಯೊಳಗೆ ಹಾಜರಿ ಕರೆದ ಎಳೆಯ ಅಧಿಕಾರಿ ಇವರೇ. ಒಂದು ಹೆಸರಿಗೆ ಮಾತ್ರ ಉತ್ತರ ಬರಲಿಲ್ಲ. ಎರಡನೆಯ ಯುದ್ಧದಲ್ಲಿ ಇನ್ನೂರು ಮಂದಿಯನ್ನು ಕರೆದೊಯ್ದು ಇನ್ನೂರು ಮಂದಿಯನ್ನೂ ದಡ ಸೇರಿಸಿ ಪದಕ ಗೆದ್ದರು. ನಡುವೆ ಹುಟ್ಟಿದ ಮಗನಿಗೆ, ಉತ್ತರ ಬರದ ಆ ಹೆಸರನ್ನೇ ಇಟ್ಟಿದ್ದರು. ಕೊನೆಗೂ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸಾಹೇಬರು ಎದೆ ಸೆಟೆಸಿ ಆ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಕೂಗಿದರು. “ಬಂದೆ ಅಪ್ಪಾ, ಹಾಜರ್!” ಎಂದು ಮೆಟ್ಟಿಲಿನಿಂದಲೇ ಉತ್ತರ ಬಂತು. ಸಾಹೇಬರು ದುರ್ಬೀನು ಕೆಳಗಿಟ್ಟರು. “ಗೆದ್ವಿ ಕಣೇ, ಬಡಿಸು!”