ಎಲ್ಲಿಗೆಂದು ಕೇಳಬಾರದು

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ. ಮಹಾರಾಜರ ಸರ್ಕಾರದ ಕಾನೂನು ಮುರಿದವರು ಅಮಲ್ದಾರರ ಕೈಕಾಲು ಹಿಡಿದು ಪಾರಾಗಬಹುದಿತ್ತು. ಇದನ್ನು ಮುರಿದವರನ್ನು ಅವ್ವ ಸುಮ್ಮನೆ ಬಿಡುತ್ತಿರಲಿಲ್ಲ. ಹಾಗೆ ಕೇಳಿದರೆ ಹೊರಟ ಕೆಲಸ ಕೈಗೂಡುವುದಿಲ್ಲವಂತೆ. ತಿಳಿಯದೆ ಯಾರಾದರೂ ಕೇಳಿಬಿಟ್ಟರೆ ಮೆಟ್ಟಿಲಿಳಿದವನು ಮತ್ತೆ ಒಳಗೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ತೀರಾ ತಡೆಯಲಾರದವರು ‘ದೂರ ಹೊರಟಿರಾ?’ ಎನ್ನಬಹುದು. ಅದಕ್ಕೆ ‘ಇಲ್ಲೇ’ ಎಂದರೆ ಸಾಕು. ಕಾಶಿಗೆ ಹೊರಟವನೂ ‘ಇಲ್ಲೇ’ ಎಂದೇ ಹೇಳಿ ಹೋಗಬಹುದು. ದಿನಾ ಸಂಜೆ ತಿರುಗಾಡಲು ಹೊರಡುತ್ತಿದ್ದ ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ.

ಈ ಪದ್ಧತಿ ಎಷ್ಟು ಹಳೆಯದೋ ತಿಳಿಯದು. ರೈಲು ಬರುವುದಕ್ಕಿಂತ ಹಿಂದಿನದು ಎಂದಷ್ಟೇ ಧೈರ್ಯವಾಗಿ ಹೇಳಬಲ್ಲೆ. ನಮ್ಮ ದೊಡ್ಡಪ್ಪ ಮೊದಲ ಸಲ ರೈಲು ಹತ್ತಲು ಹೋದಾಗ ಟಿಕೀಟು ಕೊಡುವ ಪುಣ್ಯಾತ್ಮ ಕಿಂಡಿಯಿಂದಲೇ “ಎಲ್ಲಿಗೆ?” ಎಂದನಂತೆ. ದೊಡ್ಡಪ್ಪ ಹಿಂದಿರುಗಿ, ಬೆಂಚಿನ ಮೇಲೆ ಕೂತು, ಚೊಂಬಿನ ನೀರು ಕುಡಿದು, ಮತ್ತೆ ಕಿಂಡಿಗೆ ಬಂದರು. ಅವನು ಮತ್ತೆ “ಎಲ್ಲಿಗೆ?” ಎಂದ. ಚೊಂಬು ಬರಿದಾಗುವ ಹೊತ್ತಿಗೆ ರೈಲು ಹೋಗಿತ್ತು. ಇಂಗ್ಲಿಷರು ಕಬ್ಬಿಣದ ಹಳಿ ಹಾಸುವುದನ್ನು ಬಲ್ಲರು, ಪ್ರಯಾಣ ಮಾಡುವ ರೀತಿ ಬಲ್ಲರೇ ಎಂದು ದೊಡ್ಡಪ್ಪ ಕೊನೆಯವರೆಗೂ ಮರುಗುತ್ತಿದ್ದರು.

ನಾನು ದೊಡ್ಡಪ್ಪನ ಕಥೆ ಹೇಳಿ ನಗುತ್ತಿದ್ದವನು. ಆಮೇಲೆ ಅದೇ ಪದ್ಧತಿ ನನ್ನ ಕುತ್ತಿಗೆಗೇ ಬಂತು.

ಆಗ ನನಗೆ ಮದುವೆಯ ವಯಸ್ಸು ಮೀರುತ್ತಾ ಬಂದಿತ್ತು. ನಾನು ಶಾಲೆಯ ಮೇಷ್ಟರು. ಮೇಷ್ಟರು ಎಂದರೆ ಹೆಣ್ಣು ಹೆತ್ತವರು ಗೌರವದಿಂದ ಕೂರಿಸುವರು, ಹೊಲ ಎಷ್ಟಿದೆ ಎಂದು ಕೇಳುವರು, ಅಷ್ಟೇ ಗೌರವದಿಂದ ಕಳಿಸಿಕೊಡುವರು. ಹೀಗಿರುವಾಗ ತಾಳ್ಯದ ಗೌಡರೊಬ್ಬರ ಮಗಳು ನೀಲಮ್ಮನ ಮಾತು ಬಂತು. ಅವಳನ್ನು ನೆಂಟರ ಮನೆಯ ಊಟದಲ್ಲಿ ಒಮ್ಮೆ ನೋಡಿದ್ದೆ. ಬೇಡವೆಂದರೂ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ್ದಳು. ಎಲ್ಲರ ಎಲೆಗೂ ಹಾಕಿದ್ದಳೆಂಬುದು ಬೇರೆ ಮಾತು. ನಾನು ನನ್ನ ಎಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ. ಈ ಸಂಬಂಧ ತಪ್ಪಿದರೆ ಏನು ಗತಿ ಎಂದು ನಿಜವಾಗಿಯೂ ಹೆದರಿದ್ದೆ. ಸೋಮವಾರ ಹೊತ್ತು ಚೆನ್ನಾಗಿದೆ, ಮಧ್ಯಾಹ್ನದೊಳಗೆ ಬನ್ನಿ, ತಪ್ಪಿಸಬೇಡಿ ಎಂದು ಗೌಡರು ಹೇಳಿಕಳಿಸಿದರು.

ಹೆಣ್ಣು ನೋಡಲು ಹೋಗುವ ಸುದ್ದಿ ನೆರೆಹೊರೆಗೆ ಗೊತ್ತಾಗಬಾರದೆಂದು ಅವ್ವ ಗಾಡಿಯ ತಿಪ್ಪಣ್ಣನಿಗೂ “ಸೋಮವಾರ ಕೋಳಿ ಕೂಗಾಕೆ ಮುಂಚೆ ಬಾ, ಹೋಗಾದೈತೆ” ಎಂದಷ್ಟೇ ಹೇಳಿದ್ದಳು. ತಿಪ್ಪಣ್ಣ ಪದ್ಧತಿ ಬಲ್ಲವನು. ಎಲ್ಲಿಗೆ ಎನ್ನಲಿಲ್ಲ. ಸೋಮವಾರ ಬಂದು ನೋಡಿದ: ಅವ್ವ ಮಡಿಸೀರೆ ಉಟ್ಟಿದ್ದಾಳೆ, ಬುಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೂವು ಇವೆ, ಪಕ್ಕದಲ್ಲಿ ಮದುವೆಯಾಗದ ಮಗ ಮುಖ ಬಾಡಿಸಿಕೊಂಡು ಕೂತಿದ್ದಾನೆ. ಇಷ್ಟು ನೋಡಿದ ಮೇಲೆ ಅವನಿಗೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಎತ್ತುಗಳನ್ನು ನೇರ, ನಮ್ಮ ಸೀಮೆಯವರು ಹರಕೆ ಹೊತ್ತು ಹೋಗುವ ಹಾಲುರಾಮೇಶ್ವರದ ದಾರಿಗೆ ತಿರುಗಿಸಿದ.

ಹಿಂದಿನ ರಾತ್ರಿ ನಿದ್ದೆ ಬಾರದಿದ್ದ ನಾನು ಗಾಡಿ ಅಲುಗಿದೊಡನೆ ಮಲಗಿಬಿಟ್ಟೆ. ನಡುವೆ ಎಚ್ಚರವಾದಾಗಲೆಲ್ಲ ಬಯಲು, ಜಾಲಿ, ಮತ್ತೆ ಬಯಲು ಕಂಡವು. ನಮ್ಮ ಸೀಮೆಯಲ್ಲಿ ಯಾವ ಊರಿನ ದಾರಿಯಾದರೂ ಹೀಗೇ ಇರುತ್ತದೆ. ಅವ್ವನಿಗೆ ತನ್ನ ತವರಿನ ದಾರಿಯ ಹೊರತು ಬೇರೆ ದಾರಿ ತಿಳಿಯದು.

“ಇನ್ನೂ ಎಷ್ಟು ದೂರ ತಿಪ್ಪಣ್ಣ?” ಎಂದು ಅವಳು ಕೇಳಿದ್ದು ಕಿವಿಗೆ ಬಿತ್ತು.

“ಇನ್ನೇನು ಬಂದೇಬಿಡ್ತು ಅವ್ವಾರೆ. ಒಳ್ಳೇದಾಗ್ತೈತೆ, ಧೈರ್ಯವಾಗಿರ್ರಿ” ಎಂದ.

ಎಂಥ ತಿಳಿವಳಿಕಸ್ಥ, ಹೇಳದೆಯೇ ಎಲ್ಲ ಅರ್ಥ ಮಾಡಿಕೊಂಡಿದ್ದಾನೆ ಎಂದು ಅವ್ವ ಸಂತೋಷಪಟ್ಟಳು. ನಾನೂ ಪಟ್ಟೆ.

ಕಣ್ಣು ಬಿಟ್ಟಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಎದುರಿಗೆ ದೇವಸ್ಥಾನ. ಗೌಡರ ಮನೆಯಲ್ಲಿ ನಮಗಾಗಿ ಹಾಸಿದ್ದ ಜಮಖಾನೆಯನ್ನು ಆಗಲೇ ಸುತ್ತಿಟ್ಟಿರುತ್ತಾರೆ ಎಂದು ನೆನೆದು ನನಗೆ ಅಳು ಬಂದಂತಾಯಿತು. ತಿಪ್ಪಣ್ಣನನ್ನು ಬೈಯಲು ಬಾಯಿ ತೆರೆದೆ, ಏನೆಂದು ಬೈಯುವುದು? ಅವನು ತಪ್ಪು ಮಾಡಿರಲಿಲ್ಲ, ಮರ್ಯಾದೆ ಮಾಡಿದ್ದ. ಅವ್ವ, “ಕರೆಸ್ಕಂಡವ್ನು ಆ ಸ್ವಾಮಿ. ಬಾ, ಕೈಮುಗ್ದು ಹೋಗಾಣ” ಎಂದು ಕೆಳಗಿಳಿದಳು. ಹೆಣ್ಣಿಗೆಂದು ತಂದ ಹೂವು ಹಣ್ಣು ದೇವರ ಪಾಲಾದವು. ಅಲ್ಲೇ ತಂಗಿ, ಮರುದಿನ ಎತ್ತುಗಳನ್ನು ತಾಳ್ಯಕ್ಕೆ ಹೊಡೆಸಿದೆವು.

ಗೌಡರು ಜಗುಲಿಯ ಮೇಲೆ ಕೂತಿದ್ದರು. ಬನ್ನಿ ಎನ್ನಲಿಲ್ಲ, ನೀರು ತರಿಸಲಿಲ್ಲ. “ನಿನ್ನೆ ದಾರಿ ನೋಡಿ ನೋಡಿ ಸಾಕಾತು. ಇನ್ನೊಂದು ಕಡೆಯೋರಿಗೆ ಬರ್ರಿ ಅಂತ ಹೇಳಿಕಳಿಸೋದ್ರಾಗೆ ಇದೀನಿ” ಎಂದರು. ಅವ್ವ ನಡೆದದ್ದನ್ನು ನಡೆದಂತೆ ಹೇಳಿದಳು. ಗೌಡರು ನಂಬದೆ ತಿಪ್ಪಣ್ಣನನ್ನು ಕರೆದು ಕೇಳಿದರು.

“ಅಲ್ಲಪ್ಪ, ಗಾಡಿ ಹೊಡ್ಯೋನು ನೀನು. ಎಲ್ಲಿಗೆ ಅಂತ ಒಂದು ಮಾತು ಕೇಳಾಕೆ ಏನಾಗಿತ್ತು?”

ತಿಪ್ಪಣ್ಣನಿಗೆ ಗಾಬರಿಗಿಂತ ಬೇಸರವೇ ಹೆಚ್ಚಾದಂತಿತ್ತು. “ಒಳ್ಳೆ ಕೆಲಸಕ್ಕೆ ಹೊಂಟೋರ್ನ ಹಂಗೆ ಕೇಳಾಕಾಗ್ತೈತಾ ಗೌಡ್ರೆ? ನೀವು ಕೇಳ್ತಿದ್ರಾ?”

ಗೌಡರು ಮೀಸೆ ಸವರುತ್ತಾ ಯೋಚಿಸಿದರು. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಯೋಚನೆಯನ್ನು ನಾನು ಕಂಡಿಲ್ಲ. ಕೊನೆಗೆ, “ಇಲ್ಲ. ನಾನಾಗಿದ್ರೂ ಕೇಳ್ತಿರ್ಲಿಲ್ಲ ಬಿಡು” ಎಂದು ಒಪ್ಪಿಕೊಂಡು, ಒಳಕ್ಕೆ ಮುಖ ಮಾಡಿ, “ನೀರು ಬೆಲ್ಲ ತರ್ರಿ. ಕುಂತ್ಕಳ್ರಿ ಮೇಷ್ಟ್ರೆ” ಎಂದರು. ಬಾಗಿಲ ಹಿಂದೆ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಹೊಲ ಎಷ್ಟಿದೆ ಎಂದು ಕೇಳುವುದನ್ನು ಗೌಡರು ಅಂದು ಮರೆತೇಬಿಟ್ಟರು.

ಮದುವೆಯಾಗಿ ನೀಲಮ್ಮ ನಮ್ಮ ಮನೆಗೆ ಬಂದಳು. ಹೊಸದರಲ್ಲಿ ಒಂದು ಬೆಳಗ್ಗೆ ಕೊಡ ಎತ್ತಿಕೊಂಡವಳು ಹೊಸ್ತಿಲ ಬಳಿ ನಿಂತು, “ಅತ್ತೆ, ಬಾವಿಗೆ ಹೋಗಿ ಬರ್ತೀನಿ” ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಅವಳಾಗಿ ಹೇಳಿದಳು, ಹೇಳಿ ಹೋದಳು. ನಾನು ದಂಗಾದೆ. ನಮ್ಮ ಕಾನೂನಿನಲ್ಲಿ ಕೇಳಬಾರದು ಎಂದಿದೆಯೇ ಹೊರತು ಹೇಳಬಾರದು ಎಂದು ಎಲ್ಲಿಯೂ ಇಲ್ಲ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ ಇದು ಇಷ್ಟು ವರ್ಷ ಹೊಳೆದಿರಲಿಲ್ಲ.

ಈ ಹೊಸ ಶೋಧನೆಯನ್ನು ಅವ್ವನಿಗೆ ವಿವರಿಸಿ, ಅವಳ ಕಾನೂನಿನ ಲೋಪ ತೋರಿಸಿಕೊಡೋಣವೆಂದು ನಗುತ್ತಾ ಹೋದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿದ ಮೇಲೆ ತಲೆ ಎತ್ತದೆ ಹೇಳಿದಳು:

“ನನಗೇನು ಗೊತ್ತಿರ್ಲಿಲ್ವೇನಪ್ಪ? ನೀನು ದಿನಾ ಸಂಜೆ ಹೊಂಟಾಗ, ಇವತ್ತಾದ್ರೂ ಹೇಳ್ತಾನೇನೋ ಅಂತ ಬಾಗಿಲಾಗೆ ನಿಂತಿರ್ತಿದ್ದೆ.”